ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡರೂ ನಾಲ್ಕಕ್ಕೆ ಮತ್ತೆ ಹಸಿವು: ಕೈಗೆಟಕುವ ಸಸ್ಯಾಹಾರದಲ್ಲಿ ನಾನೆಲ್ಲಿ ಎಡವುತ್ತಿದ್ದೇನೆ?

ಖಾಲಿಡಬ್ಬಿ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಓದಿ ಸುಮ್ಮನೆ ಎದ್ದು ಹೋಗುತ್ತಿದ್ದೆ. ಇವತ್ತು ಹೊಟ್ಟೆಯೇ ಬರೆಸುತ್ತಿದೆ.

ಮೂರು ತಿಂಗಳಿಂದ ಹೊರಗಿನ ಊಟ ಪೂರ್ತಿ ನಿಲ್ಲಿಸಿದ್ದೇನೆ. ಆರೋಗ್ಯ ಅಂತ ಹೇಳಿಕೊಳ್ಳುತ್ತೇನೆ, ನಿಜವಾದ ಕಾರಣ ಜೇಬು. ಒಬ್ಬನೇ ಇರುವುದು. ಒಂದು ಒಲೆ, ಒಂದು ಸಣ್ಣ ಕುಕ್ಕರ್, ಅಷ್ಟೇ ಅಡುಗೆಮನೆ. ಮೊಟ್ಟೆ ತಿನ್ನುವುದಿಲ್ಲ, ಹಾಲು ಮೊಸರು ಆಗುತ್ತೆ. ಮಧ್ಯಾಹ್ನಕ್ಕೆ ಡಬ್ಬಿ ತುಂಬ ಬಿಳಿ ಅನ್ನ, ಅದರ ಮೇಲೆ ಒಂದು ಸೌಟು ಬೇಳೆ, ಮೂಲೆಯಲ್ಲಿ ಉಪ್ಪಿನಕಾಯಿಯ ಹಾಗೆ ಚೂರು ತರಕಾರಿ. ಒಂದೂವರೆಗೆ ಉಂಡು ಕೈ ತೊಳೆಯುವಾಗ ರಾತ್ರಿಯವರೆಗೆ ಇನ್ನೇನೂ ಬೇಡ ಅನ್ನಿಸುತ್ತೆ. ನಾಲ್ಕಕ್ಕೆ ಸರಿಯಾಗಿ ಹೊಟ್ಟೆ ತಾಳ ಹಾಕುತ್ತೆ. ಆಗ ಬಿಸ್ಕತ್ತು. ಬಿಸ್ಕತ್ತು ಮುಗಿದರೆ ಚಿಪ್ಸ್. ಹೋದ ತಿಂಗಳು ಕೂತು ಲೆಕ್ಕ ಹಾಕಿದೆ, ಬೇಳೆಗೆ ಹೋದದ್ದಕ್ಕಿಂತ ಬಿಸ್ಕತ್ತಿಗೆ ಹೋದ ದುಡ್ಡೇ ಜಾಸ್ತಿ!

ಪ್ರೋಟೀನ್ ಕಡಿಮೆ ಅಂತ ಮಾತ್ರ ಯಾರೂ ಶುರು ಮಾಡಬೇಡಿ. ತಕ್ಕಡಿ ಇಟ್ಟುಕೊಂಡೇ ತಿನ್ನುತ್ತಿದ್ದೇನೆ. ದಿನಕ್ಕೆ 200 ಗ್ರಾಂ ಬೇಳೆ. 100 ಗ್ರಾಂಗೆ 24 ಅಂತ ಪ್ಯಾಕೆಟ್ ಮೇಲೆ ಇದೆ, ಅಂದರೆ ಬೇಳೆಯಲ್ಲೇ 48 ಗ್ರಾಂ ಪ್ರೋಟೀನ್ ಆಯಿತು. ಮತ್ತೇಕೆ ಈ ಹಸಿವು?

ಹಾಸ್ಟೆಲ್‌ಹಳಬ · ಸೋಮವಾರ, ರಾತ್ರಿ 11:05

ಆಲೂಗಡ್ಡೆ. ಬೇಯಿಸಿದ ಆಲೂಗಡ್ಡೆ. ಮುಗೀತು.

ತಮಾಷೆ ಅಲ್ಲ ಗುರು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ತಿನಿಸುಗಳನ್ನ ಒಂದೊಂದೂ 240 ಕ್ಯಾಲರಿ ಬರೋ ಹಾಗೆ ತೂಗಿ ಜನಕ್ಕೆ ಕೊಟ್ಟು, ಯಾವುದು ಎಷ್ಟು ಹೊಟ್ಟೆ ತುಂಬಿಸುತ್ತೆ ಅಂತ ನೋಡಿದ್ರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತಿಟ್ಕೊಂಡ್ರೆ ಬೇಯಿಸಿದ ಆಲೂಗಡ್ಡೆಗೆ 323. ಬೆಣ್ಣೆ ತುಂಬಿದ ಕ್ರಾಸಾಂ ಬನ್ನಿಗೆ 47. ಓಟ್ಸ್ ಗಂಜಿ 209. ತರಕಾರಿ ಅಂಗಡಿಯಲ್ಲಿ ಅತಿ ಅಗ್ಗದ ಬುಟ್ಟಿ ಯಾವುದು ಅಂತ ನಾನು ಹೇಳ್ಬೇಕಾ?

ಎಣ್ಣೇಲಿ ಕರಿದದ್ದಲ್ಲ ಮತ್ತೆ. ಆಮೇಲೆ ನನ್ನ ಹೆಸರು ಹೇಳ್ಬೇಡಿ.

ನಿಧಾನದುರಿ · ಮಂಗಳವಾರ, ಬೆಳಿಗ್ಗೆ 7:15

ಆ ಅಧ್ಯಯನವನ್ನು ಎಲ್ಲರೂ ಆಲೂಗಡ್ಡೆಯವರೆಗೆ ಓದಿ ನಿಲ್ಲಿಸುತ್ತಾರೆ. ಅದೇ ಪಟ್ಟಿಯಲ್ಲಿ ಬಿಳಿ ಅನ್ನಕ್ಕೆ 138, ಬೇಳೆಗೆ 133. ಹಾಗಂತ ಬೇಳೆ ಬಿಟ್ಟು ಬರೀ ಅನ್ನ ಉಣ್ಣಬೇಕೇ? ಅವರು ಅಳೆದದ್ದು ತಿಂದ ಮೇಲಿನ ಎರಡು ಗಂಟೆ ಮಾತ್ರ. ಪ್ರಶ್ನೆ ಕೇಳಿದವರ ತೊಂದರೆ ಶುರುವಾಗುವುದೇ ಎರಡೂವರೆ ಗಂಟೆಯ ನಂತರ. ಹೊಟ್ಟೆ ತುಂಬುವುದು ಬೇರೆ, ತುಂಬಿದ್ದು ನಿಲ್ಲುವುದು ಬೇರೆ. ಮೊದಲನೆಯದಕ್ಕೆ ನೀರು ಮತ್ತು ಗಾತ್ರ ಸಾಕು. ಎರಡನೆಯದಕ್ಕೆ ನಾರು, ಪ್ರೋಟೀನ್, ಸ್ವಲ್ಪ ಕೊಬ್ಬು ಬೇಕು.

ಆಲೂಗಡ್ಡೆ ತಿನ್ನಿ, ಬೇಡ ಅನ್ನುತ್ತಿಲ್ಲ. ಅದಕ್ಕೆ ಜೊತೆ ಕೊಡಿ.

ಲೆಕ್ಕದಪುಸ್ತಕ · ಮಂಗಳವಾರ, ಬೆಳಿಗ್ಗೆ 9:30

ಖಾಲಿಡಬ್ಬಿ ಅವರೇ, ಒಂದೇ ಪ್ರಶ್ನೆ. ಆ 200 ಗ್ರಾಂ ಬೇಳೆಯನ್ನು ತೂಗುವುದು ಯಾವಾಗ? ಕುಕ್ಕರಿಗೆ ಹಾಕುವ ಮುಂಚೆಯೋ, ತಟ್ಟೆಗೆ ಹಾಕಿಕೊಂಡ ಮೇಲೆಯೋ?

ಖಾಲಿಡಬ್ಬಿ · ಮಂಗಳವಾರ, ಮಧ್ಯಾಹ್ನ 1:50

ತಟ್ಟೆಗೆ ಹಾಕಿಕೊಂಡ ಮೇಲೆ. ಹೊತ್ತಿಗೆ ಒಂದು ಸೌಟು, ಸೌಟಿಗೆ ಸುಮಾರು 100 ಗ್ರಾಂ.

ಅಯ್ಯೋ.

ಲೆಕ್ಕದಪುಸ್ತಕ · ಮಂಗಳವಾರ, ರಾತ್ರಿ 9:20

ಬೇಜಾರು ಮಾಡಿಕೊಳ್ಳಬೇಡಿ, ಈ ಹಳ್ಳಕ್ಕೆ ಬೀಳದವರು ಕಡಿಮೆ. ಪ್ಯಾಕೆಟ್ ಮೇಲಿನ 24 ಒಣ ಬೇಳೆಯ ಲೆಕ್ಕ. ಬೇಳೆ ಬೆಂದಾಗ ನೀರು ಕುಡಿದು ಎರಡೂವರೆ ಪಟ್ಟು ತೂಗುತ್ತದೆ, ಹಾಗಾಗಿ ನೀರು ಬಸಿದ ಬೆಂದ ಬೇಳೆಯಲ್ಲಿ 100 ಗ್ರಾಂಗೆ 9 ಗ್ರಾಂ ಪ್ರೋಟೀನ್. ನೀವು ತೂಗಿದ್ದು ತಿಳಿನೀರನ್ನೂ ಸೇರಿಸಿ. ದಿನಕ್ಕೆ ನಿಜವಾಗಿ ಎಷ್ಟು ಒಣ ಬೇಳೆ ಹಾಕುತ್ತೀರೋ ಗೊತ್ತಿಲ್ಲ, ಒಂದು ಹಿಡಿ ಮೇಲೆ ಚೂರು, ಅಂದರೆ 60 ಗ್ರಾಂ ಅಂತ ಹಿಡಿಯುತ್ತೇನೆ. ಡಬ್ಬಿ ತುಂಬ ಅನ್ನ ಅಂದಿರಿ, ದಿನಕ್ಕೆ 300 ಗ್ರಾಂ ಅಕ್ಕಿ ಅಂತಿರಲಿ. ಒಂದು ಬಟ್ಟಲು ಮೊಸರು.

ಅಕ್ಕಿಯಿಂದ 21, ಬೇಳೆಯಿಂದ 14, ಮೊಸರಿಂದ 7. ಒಟ್ಟು 42 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದೇಹದ ತೂಕದ ಒಂದು ಕಿಲೋಗೆ 0.83 ಗ್ರಾಂ. 60 ಕಿಲೋ ಇರುವವರಿಗೆ ಅದು 50 ಗ್ರಾಂ. ಅಂದರೆ ಕೊರತೆ ಇದೆ, ಆದರೆ ಆಕಾಶ ಕಳಚಿ ಬೀಳುವಷ್ಟಲ್ಲ.

ಈಗ ಯಾರೂ ಕೇಳದ ಲೆಕ್ಕ ನೋಡಿ. ನಾರಿನಂಶ. ಬಿಳಿ ಅಕ್ಕಿ 300 ಗ್ರಾಂ ತಿಂದರೂ ಸಿಗುವುದು 4 ಗ್ರಾಂ. ಬೇಳೆಯಿಂದ 6. ಮೂಲೆಯಲ್ಲಿರುವ ತರಕಾರಿಯಿಂದ 2 ಅನ್ನೋಣ, ಧಾರಾಳವಾಗಿ. ಒಟ್ಟು 12. ಬೇಕಾದದ್ದು ಕನಿಷ್ಠ 25. ಪ್ರೋಟೀನ್ ಪ್ರೋಟೀನ್ ಅಂತ ಊರೆಲ್ಲ ಡಂಗುರ ಸಾರುತ್ತದೆ, ನಿಮ್ಮ ತಟ್ಟೆಯಲ್ಲಿ ಅರ್ಧಕ್ಕರ್ಧ ಕಾಣೆಯಾಗಿರುವುದು ನಾರು.

ಪರಿಹಾರಕ್ಕೆ ಹೊಸ ಸಾಮಾನು ಯಾವುದೂ ಬೇಡ. ಅಕ್ಕಿಯನ್ನು 300ರಿಂದ 200ಕ್ಕೆ ಇಳಿಸಿ. ಬೇಳೆಕಾಳನ್ನು 60ರಿಂದ 150ಕ್ಕೆ ಏರಿಸಿ, ಎಲ್ಲವೂ ಒಣ ತೂಕ. ತರಕಾರಿ, ಹಣ್ಣು ಸೇರಿ 400 ಗ್ರಾಂ. ಈಗ ಪ್ರೋಟೀನ್ 60 ದಾಟುತ್ತದೆ, ನಾರು 25 ದಾಟುತ್ತದೆ. ಅಕ್ಕಿ ಬೇಳೆ ಎರಡರಿಂದ ಬರುವ ಕ್ಯಾಲರಿ ಮೊದಲು 1290 ಇದ್ದದ್ದು ಈಗ 1245, ಅಂದರೆ ಹೆಚ್ಚುಕಡಿಮೆ ಅಷ್ಟೇ. ಚೀಲದ ತೂಕವೂ 360 ಗ್ರಾಂ ಇದ್ದದ್ದು 350 ಆಗುತ್ತದೆ. ಜೇಬಿಗೆ ಬೀಳುವ ಹೊರೆ ಅಂದರೆ 90 ಗ್ರಾಂ ಬೇಳೆಯ ಬೆಲೆಯಲ್ಲಿ 100 ಗ್ರಾಂ ಅಕ್ಕಿಯ ಬೆಲೆ ಕಳೆದು ಉಳಿದದ್ದು, ಜೊತೆಗೆ ತರಕಾರಿ. ನಿಮ್ಮ ಬಿಸ್ಕತ್ತಿನ ಚೀಟಿಯ ಪಕ್ಕ ಇಟ್ಟು ನೋಡಿ.

ಇನ್ನೊಂದು ಅಭ್ಯಾಸ. ಅಂಗಡಿಯಲ್ಲಿ ಕಿಲೋ ಬೆಲೆ ನೋಡಬೇಡಿ, ಒಂದು ಗ್ರಾಂ ಪ್ರೋಟೀನಿಗೆ ಎಷ್ಟಾಯಿತು ನೋಡಿ. ಕಿಲೋ ಬೇಳೆಯಲ್ಲಿ 240 ಗ್ರಾಂ, ಶೇಂಗಾದಲ್ಲಿ 260, ಸೋಯಾ ಚಂಕ್ಸ್‌ನಲ್ಲಿ 500, ಹಾಲಿನಲ್ಲಿ 33. ಬೆಲೆಯನ್ನು ಇದರಿಂದ ಭಾಗಿಸಿ. ಒಮ್ಮೆ ಮಾಡಿದರೆ ಡಬ್ಬದ ಪ್ರೋಟೀನ್ ಪುಡಿಯ ಕಪಾಟಿನ ಮುಂದೆ ನಿಲ್ಲುವುದೇ ಬಿಟ್ಟುಹೋಗುತ್ತದೆ.

ಮೆಂತ್ಯಕಾಳು · ಮಂಗಳವಾರ, ರಾತ್ರಿ 10:02

ಲೆಕ್ಕ ಚೆನ್ನಾಗಿದೆ ಸ್ವಾಮಿ. 150 ಗ್ರಾಂ ಕಾಳು ತಿಂದು ಮಾರನೇ ದಿನ ಬಾಗಿಲು ಮುಚ್ಚಿದ ಕೋಣೇಲಿ ಮೀಟಿಂಗಿಗೆ ಕೂರೋರು ಯಾರು? 😬

ನಿಧಾನದುರಿ · ಬುಧವಾರ, ಬೆಳಿಗ್ಗೆ 6:50

ನಗುವ ವಿಷಯವೇ, ಆದರೆ ಎಷ್ಟೋ ಜನ ಕಾಳು ಬಿಡುವುದು ಇದೊಂದೇ ಕಾರಣಕ್ಕೆ. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ, ಹಬ್ಬದ ಸದ್ದು ನಮಗೆ.

ಆದ್ದರಿಂದ ಒಂದೇ ದಿನಕ್ಕೆ 60ರಿಂದ 150ಕ್ಕೆ ಹಾರಬೇಡಿ. ವಾರಕ್ಕೆ 30 ಗ್ರಾಂ ಏರಿಸಿ. ಇಡೀ ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಆ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಒಂದಷ್ಟು ಅದರ ಜೊತೆ ಹೋಗುತ್ತದೆ. ಶುರುವಿಗೆ ಸಿಪ್ಪೆ ತೆಗೆದ ಹೆಸರುಬೇಳೆ, ಮಸೂರ ಬೇಳೆ ಹಗುರ. ಕಡಲೆ, ರಾಜ್ಮಾಗಳಿಗೆ ಆಮೇಲೆ ಬನ್ನಿ. ನೀರು ಜಾಸ್ತಿ ಕುಡಿಯಿರಿ, ನಾರು ಏರಿಸಿ ನೀರು ಏರಿಸದಿದ್ದರೆ ಬೇರೆಯದೇ ಫಜೀತಿ.

ಸೀಟಿಮೂರು · ಬುಧವಾರ, ಬೆಳಿಗ್ಗೆ 11:18

ರಾಜ್ಮಾ ಅಂದ ಕೂಡಲೇ ನನ್ನ ಕಥೆ ಹೇಳದೆ ಇರಕ್ಕಾಗಲ್ಲ.

ವಿದ್ಯುತ್ತಿನ ನಿಧಾನ ಕುಕ್ಕರ್ ಒಂದನ್ನ ತಂದಿದ್ದೆ. ಬೆಳಿಗ್ಗೆ ಹಾಕಿ ಹೋದ್ರೆ ಸಂಜೆ ಊಟ ರೆಡಿ, ಕರೆಂಟೂ ಉಳಿತಾಯ ಅಂತ ಭಾರಿ ಖುಷಿ. ಕೆಂಪು ರಾಜ್ಮಾನ ನೆನೆಹಾಕದೇ ಹಾಗೇ ಸುರಿದು ಕಡಿಮೆ ಉರಿಗಿಟ್ಟು ಹೋದೆ. ಸಂಜೆ ಬಂದು ನೋಡಿದ್ರೆ ಮೇಲೆ ಮೆತ್ತಗೆ, ಕಚ್ಚಿದ್ರೆ ನಡುವಲ್ಲಿ ಸುಣ್ಣದ ಹಾಗೆ. ಹಸಿವಾಗಿತ್ತು, ತಿಂದೆ. ಎರಡು ಗಂಟೆ ಆಗಿರಲಿಲ್ಲ, ಬಚ್ಚಲಮನೆ ಬಾಗಿಲು ಹಿಡ್ಕೊಂಡು ಕೂತವನು ಮಧ್ಯರಾತ್ರಿವರೆಗೂ ಏಳಲಿಲ್ಲ. ಆಹಾರ ವಿಷವಾಯ್ತು ಅನ್ಕೊಂಡು ಅಂಗಡಿಯವನಿಗೆ ಬೈದೆ, ಪಾಪ.

ತಪ್ಪು ನಂದೇ. ಹಸಿ ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಅನ್ನೋ ಲೆಕ್ಟಿನ್, ಅಂದ್ರೆ ಹೊಟ್ಟೆ ಕೆಡಿಸೋ ಒಂದು ಪ್ರೋಟೀನ್ ಇರುತ್ತೆ, ನಾಲ್ಕೈದು ಹಸಿ ಕಾಳು ಸಾಕು ವಾಂತಿಗೆ. ಸರಿಯಾಗಿ ಕುದಿಸಿದರೆ ನಾಶ. ಆದರೆ 80 ಡಿಗ್ರಿ ಆಸುಪಾಸಲ್ಲಿ ಬೆಚ್ಚಗೆ ಇಟ್ಟರೆ ಹಸಿ ಕಾಳಿಗಿಂತ ಕೆಟ್ಟದಾಗಬಹುದು! ಐದು ಗಂಟೆಗೆ ಕಡಿಮೆ ಇಲ್ಲದ ಹಾಗೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಗಳಗಳ ಅಂತ ಅರ್ಧ ಗಂಟೆ ಕುದಿಸಿ. ಪ್ರೆಷರ್ ಕುಕ್ಕರ್ ಇದ್ದರೆ ತಲೆಬಿಸಿಯೇ ಇಲ್ಲ, ಒಳಗೆ 120 ಡಿಗ್ರಿವರೆಗೂ ಏರುತ್ತೆ. ನಿಧಾನ ಕುಕ್ಕರಲ್ಲಿ ಈಗ ಬೇಳೆ ಮಾತ್ರ ಮಾಡ್ತೀನಿ.

ಹೊಸಬಳು23 · ಬುಧವಾರ, ಮಧ್ಯಾಹ್ನ 3:40

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಧಾನ್ಯ ಮತ್ತು ಬೇಳೆ ಒಂದೇ ಹೊತ್ತಿಗೆ ಸೇರಿಸಿ ತಿಂದರೆ ಮಾತ್ರ ಪ್ರೋಟೀನ್ ಪೂರ್ಣ, ಇಲ್ಲದಿದ್ದರೆ ದಂಡ ಅಂತಾರಲ್ಲ, ಹೌದಾ? ನಾನು ಬೆಳಿಗ್ಗೆ ಬರೀ ಓಟ್ಸ್, ರಾತ್ರಿ ಬರೀ ಕಾಳು.

ಬಿಳಿಕೋಟು · ಬುಧವಾರ, ಸಂಜೆ 6:30

ದಂಡವಾಗುವುದಿಲ್ಲ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳು ಅಮೈನೋ ಆಮ್ಲಗಳು. ಅಕ್ಕಿ ಗೋಧಿಯಂಥ ಧಾನ್ಯದಲ್ಲಿ ಲೈಸಿನ್ ಅನ್ನುವ ಇಟ್ಟಿಗೆ ಕಡಿಮೆ, ಕಾಳಿನಲ್ಲಿ ಅದು ಬೇಕಾದಷ್ಟಿದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಒಂದೇ ಹೊತ್ತಿಗೆ ಸೇರಿಸಬೇಕು ಅನ್ನುವುದು 1970ರ ದಶಕದಲ್ಲಿ ಹಬ್ಬಿದ ಮಾತು. ಮುಂದೆ ಅದನ್ನು ಹೇಳಿದವರೇ ಹಿಂತೆಗೆದುಕೊಂಡರು, ಮಾತು ಮಾತ್ರ ಇನ್ನೂ ಓಡಾಡುತ್ತಿದೆ. ದಿನದ ಒಟ್ಟು ಲೆಕ್ಕದಲ್ಲಿ ಎರಡೂ ಇದ್ದರೆ ಆಯಿತು.

ಬಂದಿದ್ದಕ್ಕೆ ಇನ್ನೆರಡು ಮಾತು. ಖಾಲಿಡಬ್ಬಿ, ಊಟದ ಹಿಂದೆಯೇ ಚಹಾ ಕುಡಿಯುತ್ತೀರಾ? ಕುಡಿಯುತ್ತೀರಿ ಅಂತ ಬಾಜಿ ಕಟ್ಟಬಲ್ಲೆ. ಚಹಾದ ಒಗರಿನ ಅಂಶ ಟ್ಯಾನಿನ್, ಬೇಳೆಯ ಕಬ್ಬಿಣವನ್ನು ರಕ್ತಕ್ಕೆ ಅಷ್ಟಾಗಿ ಹೋಗಲು ಬಿಡುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಬದಲಿಗೆ ತಟ್ಟೆಗೆ ನಿಂಬೆ ಹಿಂಡಿ, ಇಲ್ಲವೇ ಹಸಿ ಟೊಮೆಟೊ ಹೆಚ್ಚಿಕೊಳ್ಳಿ. ವಿಟಮಿನ್ ಸಿ ಇದ್ದರೆ ಅದೇ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ.

ಎರಡನೆಯದು ಬಿ12. ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ನಂಬಬಹುದಾದಷ್ಟು ಇಲ್ಲ. ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ, ಹಾಲು ಮೊಸರಿನಿಂದ ಸ್ವಲ್ಪ ಬರುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಕೈಕಾಲು ಜೋಮು ಹಿಡಿದಿರುತ್ತದೆ. ಹಾಲನ್ನೂ ಬಿಟ್ಟವರು ಮಾತ್ರೆಯನ್ನೋ ಬಿ12 ಬೆರೆಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಹಾಸ್ಟೆಲ್‌ಹಳಬ · ಬುಧವಾರ, ರಾತ್ರಿ 8:12

ಎಲ್ಲಾ ಸರಿ, ಯಾರೂ ರುಚಿ ಬಗ್ಗೆ ಮಾತಾಡ್ತಿಲ್ವಲ್ಲ. ಬೇಯಿಸಿದ ಕಾಳು, ಬೇಯಿಸಿದ ಕೋಸು, ಮೇಲೆ ನಿಂಬೆ. ಜೈಲೂಟ ಇದಕ್ಕಿಂತ ವಾಸಿ. ನಾಲ್ಕು ದಿನ ತಿಂದು ಐದನೇ ದಿನ ಹೊರಗಿಂದ ತರಿಸ್ತಾರೆ, ಬರೆದಿಟ್ಕೊಳಿ.

ನಿಧಾನದುರಿ · ಗುರುವಾರ, ಬೆಳಿಗ್ಗೆ 7:05

ಹಳಬರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆರೋಗ್ಯದ ಹೆಸರಿನಲ್ಲಿ ಎಣ್ಣೆಯನ್ನು ಸೊನ್ನೆಗಿಳಿಸುವುದು ನಾನು ಕಂಡ ದೊಡ್ಡ ದಡ್ಡತನ. ಹೊತ್ತಿಗೆ ಎರಡು ಚಮಚ ಎಣ್ಣೆ ಇರಲಿ.

ನಾನು ಮಾಡುವುದು ಹೇಳುತ್ತೇನೆ. ಭಾನುವಾರ ನಾಲ್ಕು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ ದಪ್ಪ ತಳದ ಪಾತ್ರೆಗೆ ಹಾಕುತ್ತೇನೆ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ, ನೀರು ಬಿಟ್ಟುಕೊಂಡು ಬೆವರುತ್ತಾ ಕೂತಿರುತ್ತದೆ. ಇಲ್ಲಿ ತಾಳ್ಮೆಗೆಟ್ಟು ಉರಿ ಏರಿಸಿದವರು ಕೆಟ್ಟರು, ಅಂಚು ಕರಕಲು, ನಡು ಹಸಿ. ಇಪ್ಪತ್ತು ನಿಮಿಷಕ್ಕೆ ಅಂಚು ಬಂಗಾರವಾಗುತ್ತದೆ. ತಳಕ್ಕೆ ಕಂದು ಪದರ ಹಿಡಿದಾಗ ಅರ್ಧ ಲೋಟ ನೀರು ಸುರಿದು ಕೆರೆದುಬಿಡಿ, ರುಚಿ ಇರುವುದು ಆ ಪದರದಲ್ಲೇ. ಮತ್ತೆ ಒಣಗಲು ಬಿಡಿ, ಮತ್ತೆ ನೀರು. ಮುಕ್ಕಾಲು ಗಂಟೆಗೆ ಪಾತ್ರೆ ತುಂಬ ಇದ್ದದ್ದು ಒಂದು ಬಟ್ಟಲು ಕಂದು ಮುದ್ದೆಯಾಗುತ್ತದೆ. ಬೆಳ್ಳುಳ್ಳಿ, ಟೊಮೆಟೊ ಹಾಕಿ ಇನ್ನೊಮ್ಮೆ ಒಣಗಿಸಿ ಡಬ್ಬಿಗೆ. ವಾರವಿಡೀ ಬೆಂದ ಯಾವ ಕಾಳಿಗಾದರೂ ಎರಡು ಚಮಚ ಕಲಸಿದರೆ ಗಂಟೆಗಟ್ಟಲೆ ಒಲೆ ಮುಂದೆ ನಿಂತು ಮಾಡಿದ ಹಾಗಿರುತ್ತದೆ. ಮಸಾಲೆ ದಿನಕ್ಕೊಂದು ಬದಲಿಸಿ.

ಅದೇ ಭಾನುವಾರ ಅರ್ಧ ಕಿಲೋ ಕಡಲೆಕಾಳು ಒಟ್ಟಿಗೆ ಬೇಯಿಸಿ, ಎರಡು ದಿನಕ್ಕಾಗುವಷ್ಟು ಫ್ರಿಜ್ಜಿನಲ್ಲಿ, ಉಳಿದದ್ದು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ. ಉರಿಯೂ ಒಂದೇ ಸಲ ಖರ್ಚು.

ಬೆಂದ ಅನ್ನವನ್ನಂತೂ ಹೊರಗೆ ಬಿಡಬೇಡಿ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ, ಉಗುರು ಬೆಚ್ಚಗಿನ ಅನ್ನದಲ್ಲಿ ಎಚ್ಚತ್ತು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಸಿದ ಮೇಲೆ ಅಗಲ ತಟ್ಟೆಗೆ ಹರವಿ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಮೆಂತ್ಯಕಾಳು · ಗುರುವಾರ, ಬೆಳಿಗ್ಗೆ 8:44

ತರಕಾರಿ ಬಗ್ಗೆ ನಾನು ಹೇಳ್ತೀನಿ. ಎಲೆಕೋಸು, ಕ್ಯಾರೆಟ್, ಕುಂಬಳ. ಇವು ಮೂರು ಬೇಗ ಕೊಳೆಯಲ್ಲ, ಅದೇ ಅವುಗಳ ದೊಡ್ಡ ಗುಣ. ಸೊಪ್ಪು ತಂದು ಮೂರನೇ ದಿನ ಕಪ್ಪು ರಸ ಮಾಡಿ ಎಸೆಯೋದು ಉಳಿತಾಯ ಅಲ್ಲ. ಫ್ರೋಜನ್ ಬಟಾಣಿನೂ ತಗೊಳಿ, ಪೌಷ್ಟಿಕಾಂಶ ಎಲ್ಲಾ ಹೋಗಿರುತ್ತೆ ಅನ್ನೋದು ಸುಳ್ಳು.

ಲೆಕ್ಕದಪುಸ್ತಕ · ಗುರುವಾರ, ರಾತ್ರಿ 9:50

ಬಿಸ್ಕತ್ತಿನ ಬಗ್ಗೆ ಒಂದು ಸಮಾಧಾನದ ಮಾತು. ಅದು ನಿಮ್ಮ ಮನೋಬಲದ ಕೊರತೆಯೇ ಅಂದುಕೊಳ್ಳಬೇಡಿ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಇರಿಸಿಕೊಂಡು ಎರಡು ವಾರ ಅತಿಸಂಸ್ಕರಿತ, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಬಿಸ್ಕತ್ತು ಚಿಪ್ಸ್‌ನಂಥ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟರು. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಹೊಂದಿಸಿಯೇ ಇಟ್ಟದ್ದು, ಬೇಕಾದಷ್ಟು ತಿನ್ನಿ ಅಂದದ್ದು. ಸಂಸ್ಕರಿತ ತಿನಿಸಿನ ಸರದಿಯಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ನಾಲ್ಕು ಗಂಟೆಗೆ ಒಂದು ಹಿಡಿ ಹುರಿದ ಶೇಂಗಾ, ಒಂದು ಹಣ್ಣು ಇಟ್ಟುಕೊಳ್ಳಿ. ಒಂದು ಹಿಡಿ, 30 ಗ್ರಾಂ. ಡಬ್ಬವನ್ನೇ ಪಕ್ಕದಲ್ಲಿಟ್ಟುಕೊಂಡು ಕೂತರೆ ಮತ್ತೆ ಇಲ್ಲಿಗೇ ಬರುತ್ತೀರಿ, 100 ಗ್ರಾಂನಲ್ಲಿ 560 ಕ್ಯಾಲರಿ ಇದೆ.

ಖಾಲಿಡಬ್ಬಿ · ಭಾನುವಾರ, ರಾತ್ರಿ 9:15 (ಮೂರು ವಾರದ ಮೇಲೆ)

ವರದಿ ಒಪ್ಪಿಸಲು ಬಂದೆ.

ಮೊದಲ ವಾರದ ಬಗ್ಗೆ ಮೆಂತ್ಯಕಾಳು ಹೇಳಿದ್ದೆಲ್ಲ ನಿಜ, ಹೆಚ್ಚು ಹೇಳುವುದಿಲ್ಲ. ಎರಡನೇ ವಾರ ಸುಮ್ಮನಾಯಿತು. ಈಗ ಒಣ ತೂಕದಲ್ಲಿ 120 ಗ್ರಾಂ ಬೇಳೆಕಾಳಿಗೆ ಬಂದು ನಿಂತಿದ್ದೇನೆ, 150 ನನ್ನ ಕುಕ್ಕರಿಗೂ ನನಗೂ ಭಾರ. ಡಬ್ಬಿಯಲ್ಲಿ ಈಗ ಮೊದಲು ಕಾಳು ತುಂಬುತ್ತೇನೆ, ಆಮೇಲೆ ತರಕಾರಿ, ಉಳಿದ ಜಾಗಕ್ಕೆ ಅನ್ನ. ಮೊದಲು ಇದು ತಲೆಕೆಳಗಾಗಿತ್ತು. ತಕ್ಕಡಿಗಿಂತ ಈ ಒಂದು ಕ್ರಮವೇ ಹೆಚ್ಚು ಕೆಲಸ ಮಾಡಿದೆ.

ಹಸಿವು ನಾಲ್ಕರಿಂದ ಆರಕ್ಕೆ ಸರಿದಿದೆ. ಆರಕ್ಕೆ ಮನೆಯಲ್ಲಿರುತ್ತೇನೆ, ಬಿಸ್ಕತ್ತಿನ ಅಂಗಡಿ ದಾಟಿ ಆಗಿರುತ್ತೆ. ತಿಂಗಳ ಲೆಕ್ಕ ಇನ್ನೂ ಮುಗಿದಿಲ್ಲ, ಆದರೆ ಎರಡು ವಾರದಲ್ಲಿ ಒಂದೇ ಪ್ಯಾಕೆಟ್ ತಂದಿದ್ದೇನೆ. ಬಿಳಿಕೋಟು ಅವರ ಚಹಾ ಸಲಹೆ ಪಾಲಿಸುತ್ತಿಲ್ಲ. ಒಂದು ಗಂಟೆ ತಡೆಯಲು ನೋಡಿದೆ, ಆಗಲಿಲ್ಲ, ನಲವತ್ತು ನಿಮಿಷಕ್ಕೆ ಸೋತೆ. ಈರುಳ್ಳಿಯನ್ನು ಮೊದಲ ಸಲ ಸುಟ್ಟೆ. ಎರಡನೇ ಸಲ ಬಂದದ್ದನ್ನು ಭಾನುವಾರವೇ ಅರ್ಧ ಬಟ್ಟಲು ಬ್ರೆಡ್ಡಿಗೆ ಹಚ್ಚಿಕೊಂಡು ಖಾಲಿ ಮಾಡಿದೆ, ವಾರಕ್ಕೆ ಉಳಿಯಲಿಲ್ಲ.

ಈಗ ಹೊಸ ತಲೆನೋವು. ಡಬ್ಬದ ತಳದಲ್ಲಿದ್ದ ಹಳೇ ಕಡಲೆಕಾಳು ರಾತ್ರಿಯಿಡೀ ನೆನೆದಿದೆ, ಏಳು ಸೀಟಿ ಆಯಿತು, ಇನ್ನೂ ಗೋಲಿ. ಹುಳಿ ಗಿಳಿ ಏನೂ ಹಾಕಿಲ್ಲ. ಎಸೆಯಲಾ?

ನಿಧಾನದುರಿ · ಭಾನುವಾರ, ರಾತ್ರಿ 9:31

ಎಸೆಯಬೇಡಿ. ಸೆಕೆಯಲ್ಲಿ ತೇವದಲ್ಲಿ ವರ್ಷಗಟ್ಟಲೆ ಕೂತ ಕಾಳು ಹೀಗೆಯೇ ಮೊಂಡು ಹಿಡಿಯುತ್ತದೆ, ಗಡಸು ನೀರಾದರೆ ಇನ್ನೂ ಕಷ್ಟ. ಕಾಲು ಚಮಚ ಅಡುಗೆ ಸೋಡಾ ಹಾಕಿ ಮತ್ತೆ ಇಡಿ. ಕಾಲು ಚಮಚ ಅಂದರೆ ಕಾಲು ಚಮಚ. ಸೋಡಾ ಕಾಳನ್ನು ಗಟ್ಟಿ ಹಿಡಿದಿಡುವ ಪೆಕ್ಟಿನ್ ಅನ್ನು ಸಡಿಲಿಸುತ್ತದೆ, ಜೊತೆಗೆ ಥಯಮಿನ್ (ವಿಟಮಿನ್ ಬಿ1) ಅನ್ನೂ ಹಾಳು ಮಾಡುತ್ತದೆ, ಆದ್ದರಿಂದ ದಿನಾ ಬೇಡ. ಮುಂದಿನ ಸಲ ನೆನೆಹಾಕುವ ನೀರಿಗೇ ಒಂದು ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತಾರೆ, ನೆನೆಸುವಾಗ ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ.

ಖಾಲಿಡಬ್ಬಿ · ಭಾನುವಾರ, ರಾತ್ರಿ 10:20

ಕೈ ಸ್ವಲ್ಪ ಜಾರಿತು, ಮುಕ್ಕಾಲು ಚಮಚ ಬಿದ್ದಿರಬೇಕು. ಸಿಪ್ಪೆಯೆಲ್ಲ ಮೇಲೆ ತೇಲುತ್ತಿದೆ, ಕೆಳಗೆ ಗಂಜಿ, ವಾಸನೆ ಸಾಬೂನಿನದು.

ನಿಂಬೆ ಹಿಂಡಿ ತಿನ್ನುತ್ತಿದ್ದೇನೆ.

ಹಾಸ್ಟೆಲ್‌ಹಳಬ · ಭಾನುವಾರ, ರಾತ್ರಿ 10:24

ಆಲೂಗಡ್ಡೆ ಅಂದಿದ್ದೆ.